ಒಳಮುಖದ ಎಸಳು

ಗುಡಿಯ ಚಾವಣಿಯ ಕೆಳಗೆ, ಬರಿಯ ಗಾಳಿಯಲ್ಲಿ, ಬೆಳಕಿನಿಂದಾದ ಒಂದು ಬಲಗೈ ಮೂಡಿತು. ಬೆರಳುಗಳ ನಡುವೆ ಬೆಳಕಿನದೇ ಕುಂಚ. ಕೈ ಒಂದು ಕ್ಷಣ ತಡೆದು, ತಾವರೆಯ ಎಸಳೊಂದನ್ನು ಬುಡದಿಂದ ತುದಿಗೆ ಎಳೆಯಿತು. ಐನೂರು ವರ್ಷಗಳ ಹಿಂದೆ ಯಾರೋ ಎಳೆದ ಗೆರೆ, ಅದೇ ವೇಗದಲ್ಲಿ, ಮತ್ತೊಮ್ಮೆ.

"ಅಬಬಾ! ನಮ್ಮ ಹಿರ್ಯಾರ ಕೈ ನೋಡ್ರಿ ಅದು" ಎಂದರು ದ್ಯಾಮಣ್ಣ ಚಿತ್ರಗಾರರು. ತುಂಬರಗಟ್ಟಿಯ ಚಿತ್ರಶಾಲೆಯ ಗುರುಗಳಾದ ಅವರು ಯಾವುದನ್ನೂ ಸುಲಭಕ್ಕೆ ಮೆಚ್ಚುವ ಆಸಾಮಿಯಲ್ಲ.

ಯಂತ್ರದ ಹೆಸರು ಕೈಜಾಡು. ಹಸಿ ಗಾರೆಯ ಮೇಲೆ ಕುಂಚ ಎಳೆದಾಗ ಅದರ ಒಂದೊಂದು ಕೂದಲೂ ಕಣ್ಣಿಗೆ ಕಾಣದಷ್ಟು ಸಣ್ಣ ಗೀರು ಬಿಡುತ್ತದೆ. ಆ ಗೀರುಗಳ ಆಳವನ್ನು ಬೆಳಕಿನ ಕಿರಣದಿಂದ ಅಳೆದರೆ, ಕೈ ಎಲ್ಲಿ ಒತ್ತಿತು, ಯಾವ ಕಡೆಯಿಂದ ಯಾವ ಕಡೆಗೆ ಸರಿಯಿತು ಎಂಬುದೆಲ್ಲ ತಿಳಿಯುತ್ತದೆ. ಪ್ರತಿಯೊಬ್ಬರ ಕೈಗೂ ತನ್ನದೇ ಆದ ಒಂದು ನಡುಕವಿರುತ್ತದೆ; ಅದು ಹೆಬ್ಬೆಟ್ಟಿನ ಗುರುತಿನ ಹಾಗೆ, ಒಬ್ಬರದು ಇನ್ನೊಬ್ಬರಿಗಿಲ್ಲ. ಇದನ್ನು ಕಂಡುಹಿಡಿದ ಡಾ. ರೇಷ್ಮಾ ಇನಾಮದಾರ ವಿಜಯಪುರದವಳು. ೨೦೬೫ರಲ್ಲಿ ಅವಳನ್ನು ತುಂಬರಗಟ್ಟಿಗೆ ಹಟ ಮಾಡಿ ಕರೆಸಿದವರು ಸ್ವತಃ ದ್ಯಾಮಣ್ಣ.

ಕಾರಣವಿತ್ತು. ಗುಡಿಯ ಎದುರಿಗೇ ಹೂಮಹಲು ಇದೆ. ವಿಜಯನಗರ ಬಿದ್ದ ಮೇಲೆ ಗೆದ್ದವರ ಕಡೆಯ ಸರದಾರನೊಬ್ಬ ಕಟ್ಟಿಸಿದ್ದು. ಅದರ ಗೋಡೆಯ ಹೂವುಗಳನ್ನೂ ಚಿತ್ರಗಾರರ ಹಿರಿಯರೇ ಬರೆದರೆಂದು ಊರಿನಲ್ಲಿ ಕೆಲವರು ಹೇಳತೊಡಗಿದ್ದರು. ದ್ಯಾಮಣ್ಣನವರಿಗೆ ಮೈ ಉರಿಯುತ್ತಿತ್ತು; ಅದು ಸುಳ್ಳೆಂದು ಯಂತ್ರದಿಂದಲೇ ಹೇಳಿಸಬೇಕೆಂದಿದ್ದರು. ಸೋತ ಮೇಲೂ ಗೆದ್ದವರ ಗೋಡೆ ಮುಟ್ಟದವರು ತಾವು ಎಂಬುದು ಅವರ ಮನೆತನದ ಹೆಮ್ಮೆ. ಹೂಮಹಲಿನ ಹೊಸ್ತಿಲು ತುಳಿಯುವುದಿಲ್ಲವೆಂದು ಆಣೆ ಮಾಡಿದ ಮೇಲೆಯೇ ಶಿಷ್ಯರ ಕೈಗೆ ಕುಂಚ. ಈಗ ಮಹಲಿನ ಗಾರೆ ಹಪ್ಪಳದಂತೆ ಏಳುತ್ತಿತ್ತು. ಅದನ್ನು ಉಳಿಸುವ ಕೆಲಸ ಬಲ್ಲವರು ಚಿತ್ರಗಾರರು ಮಾತ್ರ. ಅವರು ಆ ಕಡೆ ತಲೆಯೂ ಹಾಕುತ್ತಿರಲಿಲ್ಲ.

"ನಮ್ಮ ಕೈ ಅಲ್ಲಿ ಇದ್ದಿದ್ದು ಖರೆ ಆದ್ರ ನಾ ಕುಂಚ ಕೆಳಗಿಡ್ತೀನಿ" ಎಂದು ಅವರು ಊರೆದುರು ಹೇಳಿಬಿಟ್ಟಿದ್ದರು.

ಗುಡಿಯಲ್ಲಿ ಬೆಳಕಿನ ಕೈ ಕೊನೆಯ ಎಸಳಿಗೆ ಬಂದಿತು. ದ್ಯಾಮಣ್ಣ ಮುಂದಕ್ಕೆ ಬಾಗಿದರು. ಅವರ ಶಾಲೆಯಲ್ಲಿ ತಾವರೆಯ ಕೊನೆಯ ಎಸಳನ್ನು ತುದಿಯಿಂದ ಬುಡಕ್ಕೆ, ಒಳಮುಖವಾಗಿ ಎಳೆಯಬೇಕು. ಅದು ದೇವಿಯ ಎಸಳು, ಹಾಗೆ ಎಳೆಯುವುದು ಶಾಸ್ತ್ರ. ಬರೆದಾದ ಮೇಲೆ ನೋಡಿದರೆ ಯಾವ ಕಡೆಯಿಂದ ಎಳೆದದ್ದೆಂದು ಯಾರ ಕಣ್ಣಿಗೂ ತಿಳಿಯದು. ಬೆಳಕಿನ ಕೈ ಆ ಎಸಳನ್ನೂ ಸಲೀಸಾಗಿ ಹೊರಮುಖವಾಗಿ ಎಳೆದು ನಿಂತಿತು.

"ಅದೆಂಗ? ಶಾಸ್ತ್ರ ಬಿಟ್ಟು ಬರದಾರೇನು?" ದ್ಯಾಮಣ್ಣ ಗಾಬರಿಯಾದರು.

ಮಧ್ಯಾಹ್ನ ಯಂತ್ರವನ್ನು ಹೂಮಹಲಿನೊಳಗೆ ಒಯ್ದರು. ದ್ಯಾಮಣ್ಣ ಹೊಸ್ತಿಲಿನಾಚೆ, ಬಿಸಿಲಿನಲ್ಲಿ ಕೈಕಟ್ಟಿ ನಿಂತರು. ಅವರಿಗೆ ಕಾಣಲೆಂದು ರೇಷ್ಮಾ ಬೆಳಕಿನ ಕೈಯನ್ನು ಬಾಗಿಲ ನೆರಳಿನಲ್ಲೇ ಮೂಡಿಸಿದಳು. ಯಂತ್ರ ಗುಡಿಯ ಗೆರೆಯ ನಡುಕವನ್ನೂ ಮಹಲಿನ ಗೆರೆಯ ನಡುಕವನ್ನೂ ಹೋಲಿಸಿ ತೋರಿಸಿತು. ಒಂದೇ ಕೈ. ಈ ಮಾತನ್ನು ತಾನು ಹೇಳಿದರೆ ಊರು ಏನು ತಿಳಿದುಕೊಳ್ಳುತ್ತದೋ, ಈ ಹಿರಿಯರು ಏನು ಮಾಡಿಕೊಳ್ಳುತ್ತಾರೋ ಎಂದು ರೇಷ್ಮಾಳಿಗೆ ನಿಜಕ್ಕೂ ಭಯವಾಯಿತು.

"ಕಾಕಾ..."

"ಸುಮ್ಮನಿರವಾ. ನೋಡಾಕತ್ತೀನಿ."

ಕೈ ಅದೇ, ಆದರೆ ಹೆಬ್ಬೆರಳು ಒತ್ತುತ್ತಿರಲಿಲ್ಲ. ಕುಂಚವನ್ನು ಉಳಿದ ಬೆರಳುಗಳೇ ಹೊತ್ತಿದ್ದವು. ಕೊನೆಯ ಎಸಳಿಗೆ ಬಂದಾಗ ಮಣಿಕಟ್ಟು ಹೊರಕ್ಕೆ ತಿರುಗಲು ನೋಡಿತು, ಆಗಲಿಲ್ಲ. ಮತ್ತೆ ನೋಡಿತು. ಕೊನೆಗೆ ತುದಿಯಿಂದ ಶುರುಮಾಡಿ, ಒಳಮುಖವಾಗಿ ಎಳೆಯಿತು.

ದ್ಯಾಮಣ್ಣನವರ ಬಲಗೈ ತನ್ನಷ್ಟಕ್ಕೆ ತಾನೇ ಎದ್ದು ಅದೇ ತಿರುವನ್ನು ಗಾಳಿಯಲ್ಲಿ ತಿರುವಿತು.

"ಲಡಾಯ್ಯಾಗ ಪೆಟ್ಟಾಗಿರಬೇಕ್ರೀ" ಎಂದಳು ರೇಷ್ಮಾ ಮೆಲ್ಲಗೆ. "ಹೆಬ್ಬಟ್ಟಿನ ನರಾ ಹೋಗೇತಿ. ಮತ್ತ ಬಾಜೂ ಗ್ವಾಡಿ ನೋಡ್ರಿ, ಅಲ್ಲೆ ಶಿಷ್ಯಾರ ಕೈ ಅದಾವ. ಕೆಲವು ಬಲದಿಂದ ಎಡಕ್ಕ ಬರ್ಯಾಕ ಪಳಗಿದ ಕೈ, ಫಾರಸಿ ಕಲಿತವರದು. ಅವರ ಹೆಬ್ಬಟ್ಟು ಎಲ್ಲಾ ನೆಟ್ಟಗದಾವ. ಆದ್ರೂ ಕಡೀ ಎಸಳು ಒಳಗ."

ಗುರು ಕೈಲಾಗದೆ ಮಾಡಿದ್ದನ್ನು ಶಿಷ್ಯರು ಶಾಸ್ತ್ರವೆಂದು ಕಲಿತಿದ್ದರು! ಆ ಶಾಸ್ತ್ರ ಇಪ್ಪತ್ತು ತಲೆಮಾರು ದಾಟಿ ದ್ಯಾಮಣ್ಣನವರ ಕೈಗೆ ಬಂದಿತ್ತು. ಬಂದದ್ದು ಗುಡಿಯಿಂದಲ್ಲ, ಅವರು ತುಳಿಯದ ಈ ಮಹಲಿನಿಂದ. ಆಣೆ ಯಾವಾಗ, ಯಾರ ಸಿಟ್ಟಿಗೆ ಹುಟ್ಟಿತೋ ಯಾರಿಗೂ ಗೊತ್ತಿಲ್ಲ. ಅದನ್ನು ಯಾರೂ ಗಾರೆಯ ಮೇಲೆ ಬರೆದಿರಲಿಲ್ಲ.

ದ್ಯಾಮಣ್ಣ ಅಳುತ್ತಿದ್ದರು, ಒರೆಸಿಕೊಳ್ಳುವ ಗೋಜಿಗೂ ಹೋಗಲಿಲ್ಲ.

"ರಾಜ್ಯ ಹೋತು. ಹೆಬ್ಬಟ್ಟು ಹೋತು. ಆದ್ರೂ ಆ ಪುಣ್ಯಾತ್ಮ ಕಲಿಸೂದು ಬಿಡಲಿಲ್ಲ ನೋಡವಾ" ಎಂದರು. ಧ್ವನಿಯಲ್ಲಿ ಸೋಲಿರಲಿಲ್ಲ. "ನಾ ಬರೇ ಹೊಸ್ತಿಲಾ ಕಾಯ್ಕೋತ ಕುಂತೆ."

"ಕುಂಚ ಕೆಳಗಿಡ್ತೀನಿ ಅಂದಿದ್ರಿ, ಕಾಕಾ."

"ಅಂದಿದ್ದೆ. ಊರಾಗ ನಗಲಿ ಬಿಡು. ಅವ ಬೆರಳು ಹೋದ್ರೂ ಇಡಲಿಲ್ಲ, ನಾ ಒಂದು ಮಾತು ಹೋಗ್ತೈತಂತ ಇಡ್ಲೇನು?"

ಅವರು ಕೆರ ಬಿಟ್ಟು, ಹೊಸ್ತಿಲು ಮುಟ್ಟಿ ನಮಸ್ಕರಿಸಿ, ಒಳಗೆ ಕಾಲಿಟ್ಟರು.

ದುರಸ್ತಿ ಶುರುವಾಯಿತು. ಗುರುಗಳ ಹಿಂದೆಯೇ ಹೊಸ್ತಿಲು ದಾಟಿದ ಶಿಷ್ಯರು ಬೆಲ್ಲದ ನೀರು ಬೆರೆಸಿ ಅರೆದ ಗಾರೆಯನ್ನು ಉದುರಿದಲ್ಲೆಲ್ಲ ಮೆತ್ತಿದರು. ಮೊದಲ ತಾವರೆ ಗುರುಗಳದು. ಕೆಂಚವ್ವ ಎಂಬ ಶಿಷ್ಯೆ ಕೇಳಿಯೇಬಿಟ್ಟಳು: "ಅಜ್ಜಾರ, ನಿಮ್ಮ ಹೆಬ್ಬಟ್ಟು ಗಟ್ಟಿ ಐತಲ್ರೀ. ಈಗರೆ ಕಡೀ ಎಸಳು ಹೊರಗ ಎಳೀಬಹುದಲ್ಲ?"

"ಎಳೀಬಹುದು. ನೀ ಬೇಕಾದ್ರ ಎಳಿ. ನಾ ಅವನ ಸಲುವಾಗಿ ಒಳಗ ಎಳೀತೀನಿ."

ಹಸಿ ಗಾರೆಯ ಮೇಲೆ ಕುಂಚ ಒಳಮುಖವಾಗಿ ಸರಿಯಿತು. ರೇಷ್ಮಾ ನಕ್ಕಳು. "ಇನ್ನ ಐನೂರು ವರ್ಷಕ್ಕ ಯಾರರೆ ಈ ಗೆರೀನೂ ಓದ್ತಾರ ನೋಡ್ರಿ ಕಾಕಾ."

"ಓದಲಿ" ಎಂದರು ದ್ಯಾಮಣ್ಣ, ಕುಂಚವನ್ನು ಮತ್ತೆ ಬಣ್ಣಕ್ಕೆ ಅದ್ದುತ್ತ. "ನಾ ಒಳಗ ಬಂದಿದ್ದೆ ಅಂತ ಗೊತ್ತಾಗಲಿ."