ಲಾಂಡ್ರಿಯಲ್ಲಿ ತೂಗಿದ ಗುರುವಾರಗಳು

"ಹತ್ತಿ ನಿಂತ್ಕೊಳ್ಳಿ. ಇದು ಮುರಿಯಲ್ಲ."

ಅವನು ಹೇಳಿದ್ದು ಅಷ್ಟೇ. ಅವಳಿಗೆ ಮಾತ್ರ ಭೂಮಿ ಬಾಯಿಬಿಟ್ಟು ತನ್ನನ್ನು ನುಂಗಬಾರದೇ ಅನ್ನಿಸಿತು.

ಅದು ಆಸ್ಪತ್ರೆಯ ನೆಲಮಾಳಿಗೆಯ ಲಾಂಡ್ರಿ, ಅವನು ಅಲ್ಲಿ ಬಟ್ಟೆ ತೂಗಿ ಲೆಕ್ಕ ಬರೆಯುವವನು. ಮೇಲಿನ ವಿಭಾಗದ ತೂಕದ ಮೆಷಿನ್ ನೂರಮೂವತ್ತು ಕಿಲೋಗೇ ಕೈಚೆಲ್ಲಿತ್ತು. "ಕೆಳಗಡೆ ಬಟ್ಟೆ ತೂಗೋ ಮೆಷಿನ್ ಇದೆ, ಅಲ್ಲಿ ತೂಕ ನೋಡಿಸ್ಕೊಂಡು ಚೀಟಿ ತನ್ನಿ" ಎಂದು ನರ್ಸ್ ಮುಖವನ್ನೂ ನೋಡದೆ ಕಳಿಸಿದ್ದಳು. ಕೊಳೆ ಹೊದಿಕೆಗಳ ಮೂಟೆಗಳನ್ನು ತಳ್ಳುಗಾಡಿಯ ಸಮೇತ ಹತ್ತಿಸುವ ಆ ಕಬ್ಬಿಣದ ಹಲಗೆಯ ಮೇಲೆ ಈಗ ಅವಳು ನಿಲ್ಲಬೇಕಿತ್ತು. ಸುತ್ತ ಆರು ಮಂದಿ ಹೆಂಗಸರು ಬೆಡ್‌ಶೀಟ್ ಮಡಚುತ್ತಾ ಇವಳನ್ನೇ ನೋಡುತ್ತಿದ್ದರು.

ಅವನು ಅವರತ್ತ ತಿರುಗಿದ. "ಅಕ್ಕಂದಿರಾ, ಟೀ ಕುಡಿದು ಬನ್ನಿ."

"ಇನ್ನೂ ಹೊತ್ತಾಗಿಲ್ವಲ್ಲ ಕಿಲೋ ಮೇಷ್ಟ್ರೇ?"

"ಇವತ್ತು ಆಗಿದೆ. ಹೋಗಿ."

ಗ್ರಾಂ ಲೆಕ್ಕವನ್ನೂ ಬಿಡದ ಮನುಷ್ಯನೆಂದು ಅವರೆಲ್ಲ ಅವನಿಗೆ ಇಟ್ಟ ಹೆಸರದು. ಅವರು ಗೊಣಗುತ್ತಾ ಹೋದ ಮೇಲೆ ಅವನು ಅಂಕಿಯನ್ನು ಬಾಯಿಬಿಟ್ಟು ಹೇಳದೆ ಚೀಟಿಯಲ್ಲಿ ಬರೆದು, ಮಡಚಿ ಕೊಟ್ಟ. ನೂರನಲವತ್ತೆರಡು.

ತನ್ನ ತೂಕ ಗೊತ್ತಿದ್ದೂ ಕಣ್ಣಲ್ಲಿ ಕಣ್ಣಿಟ್ಟು ಮಾತಾಡಿದ ಮೊದಲ ಗಂಡಸು ಇವನೇ ಇರಬೇಕು... ಲಿಫ್ಟಿನಲ್ಲಿ ಅವಳಿಗೆ ಹೀಗನ್ನಿಸಿತು. ಅನ್ನಿಸಿದ್ದಕ್ಕೆ ತನ್ನ ಮೇಲೇ ಸಿಟ್ಟೂ ಬಂತು.

ಅವಳಿಗೆ ಮೂವತ್ನಾಲ್ಕು ವರ್ಷ. ಮನೆಯಲ್ಲೇ ಕೂತು ಶಾಲಾ ಮಕ್ಕಳ ಯೂನಿಫಾರ್ಮ್ ಹೊಲಿಯುತ್ತಾಳೆ. ಅಮ್ಮ ಇವತ್ತಿಗೂ ಕರೆಯುವುದು ಪುಟ್ಟಿ ಎಂದೇ. ನಿದ್ದೆಯಲ್ಲಿ ಅವಳ ಉಸಿರು ನಿಂತು ನಿಂತು ಬರುತ್ತದೆ. ಹೊಟ್ಟೆಯ ಚೀಲವನ್ನು ಚಿಕ್ಕದು ಮಾಡುವ ಆಪರೇಷನ್ ಆಗದಿದ್ದರೆ ಹೃದಯ ಹೆಚ್ಚು ದಿನ ತಡೆಯಲ್ಲ ಎಂದು ಡಾಕ್ಟರಮ್ಮ ನೇರವಾಗಿ ಹೇಳಿದ್ದರು. "ಆದ್ರೆ ಅದಕ್ಕೆ ಮೊದಲು ಆರು ವಾರದಲ್ಲಿ ಎಂಟು ಕಿಲೋ ಇಳಿಸ್ಬೇಕು. ನಿಮ್ಮ ಲಿವರ್ ಊದಿ ಹೊಟ್ಟೆ ಮೇಲೆ ಕೂತಿದೆ. ಅದು ಕುಗ್ಗದೆ ನಾನು ಕತ್ತರಿ ಹಿಡಿಯಲ್ಲ."

ಬದುಕೇ ಬದಲಾಯಿತು. ಒಂದೊಂದು ತುತ್ತನ್ನೂ ಇಪ್ಪತ್ತೈದು ಸಲ ಅಗಿಯಬೇಕು. ಊಟದ ಜೊತೆ ನೀರು ಕುಡಿಯುವಂತಿಲ್ಲ. ಬೆಳಿಗ್ಗೆ ಎದ್ದು ಬೀದಿಯ ಕೊನೆಯವರೆಗೆ ನಡೆದು ಬರಬೇಕು. ಪ್ರತಿ ಗುರುವಾರ ಹತ್ತು ಗಂಟೆಗೆ ಲಾಂಡ್ರಿಗೆ ಹೋಗಿ ತೂಕ ಬರೆಸಿಕೊಳ್ಳಬೇಕು.

ಎರಡನೇ ಗುರುವಾರ ಅವಳ ಮಂಡಿ ನಡುಗುವುದನ್ನು ಅವನು ನೋಡಿದ. ಏನೂ ಕೇಳದೆ ಒಂದು ಕುರ್ಚಿ ತಂದು ಹಲಗೆಯ ಮೇಲಿಟ್ಟ. "ಕೂತ್ಕೊಂಡೇ ತೂಗೋಣ. ಕುರ್ಚಿ ತೂಕ ಕಳೆದ್ರಾಯ್ತು."

ಚೀಟಿಯಲ್ಲಿ ನೂರಮೂವತ್ತಾರೂವರೆ ಎಂದಿತ್ತು.

"ಒಂದೇ ವಾರಕ್ಕೆ ಐದೂವರೆನಾ?" ಅವಳ ಕಣ್ಣು ತುಂಬಿತು.

"ಮೊದಲ ವಾರ ಮೈಯಲ್ಲಿರೋ ನೀರು ಇಳಿಯುತ್ತಂತೆ. ಮೇಲಿನವರು ಹೇಳ್ತಾ ಇರ್ತಾರೆ." ಅವನೂ ನಕ್ಕ.

ಆಮೇಲಿನ ಗುರುವಾರಗಳಲ್ಲಿ ತೂಗುವುದಕ್ಕಿಂತ ಮಾತೇ ಜಾಸ್ತಿಯಾಯಿತು. ಹರಿದ ದಿಂಬಿನ ಕವರುಗಳನ್ನು ಅವನು ತೋರಿಸುವನು, ಯಾವ ಹೊಲಿಗೆ ನಿಲ್ಲುತ್ತದೆಂದು ಅವಳು ಹೇಳುವಳು. ಅಕ್ಕಂದಿರು ತಾವಾಗಿಯೇ ಟೀಗೆ ಎದ್ದು ಹೋಗಲು ಕಲಿತರು. ಹೋಗುವಾಗ ಒಬ್ಬಳು, "ಮೇಷ್ಟ್ರೇ, ನಿಧಾನಕ್ಕೆ ತೂಗಿ, ನಮಗೇನೂ ಅವಸರ ಇಲ್ಲ" ಎಂದು ಛೇಡಿಸುವಳು. ಅವನ ಕಿವಿ ಕೆಂಪಾಗುವುದನ್ನು ಅವಳು ನೋಡಿಯೂ ನೋಡದಂತಿರುವಳು.

ಅವಳ ಬಟ್ಟೆ ಮಾತ್ರ ಸಡಿಲವಾಗಲಿಲ್ಲ. ಅಳತೆಯ ಟೇಪು ಇಡೀ ದಿನ ಕೊರಳಲ್ಲೇ ಇರುತ್ತಿತ್ತು. ಸೊಂಟಕ್ಕೆ ಸುತ್ತಿ ನೋಡಲು ಅವಳಿಗೆ ಧೈರ್ಯವಾಗಲಿಲ್ಲ. ಚೀಟಿ ಅಷ್ಟು ಚೆನ್ನಾಗಿರುವಾಗ ನೋಡುವುದಾದರೂ ಯಾಕೆ? ಅದೇ ಧೈರ್ಯದಲ್ಲಿ ಒಂದು ದಿನ ಎರಡು ಬಿಸ್ಕತ್ತು ತಿಂದಳು. ಮರುದಿನ ನಾಲ್ಕು.

ಕೊನೆಯ ಚೀಟಿಯಲ್ಲಿ ಸರಿಯಾಗಿ ನೂರಮೂವತ್ನಾಲ್ಕು ಎಂದಿತ್ತು.

ಆಪರೇಷನ್ನಿಗೆ ಸೇರಿಸಿಕೊಂಡ ದಿನ ತೂಗುವ ಯಂತ್ರವಿರುವ ವಾರ್ಡಿನ ಹೊಸ ಮಂಚವೇ ತೂಕ ಹೇಳಿತು. ನೂರಮೂವತ್ತೊಂಬತ್ತು. ಸ್ಕ್ಯಾನ್ ನೋಡಿ ಬಂದ ಡಾಕ್ಟರಮ್ಮನ ಮುಖ ಬಿಗಿದಿತ್ತು.

"ಲಿವರ್ ಹಾಗೇ ಇದೆ. ಸುಳ್ಳು ಚೀಟಿ ತಂದ್ರೆ ನಷ್ಟ ಯಾರಿಗಮ್ಮಾ? ಮುಂದಿನ ದಿನಾಂಕ ಇನ್ನು ನಾಲ್ಕು ತಿಂಗಳಿಗೆ."

ಮನೆಗೆ ಬಂದು ಬಾಗಿಲು ಹಾಕಿದ ಮೇಲೆ ಅಮ್ಮ ಕೇಳಿದಳು. "ಕದ್ದು ತಿಂದ್ಯಾ ಪುಟ್ಟಿ?"

ಅವಳು ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ಪಾಪ, ದಪ್ಪಗಿದಾಳೆ, ಒಂದೈದು ಕಿಲೋ ಕಡಿಮೆ ಬರೆದರೆ ಖುಷಿಪಡ್ತಾಳೆ ಅಂದುಕೊಂಡನಲ್ಲ... ಕನಿಕರ! ಇಷ್ಟು ದಿನ ತಾನು ಪ್ರೀತಿ ಎಂದುಕೊಂಡಿದ್ದು ಬರೀ ಕನಿಕರ. ನಾಲ್ಕು ತಿಂಗಳೊಳಗೆ ಉಸಿರು ನಿಂತೇಬಿಟ್ಟರೆ ತನ್ನನ್ನು ಎತ್ತಲು ಎಂಟು ಜನ ಬೇಕು. ಅದೊಂದು ಲೆಕ್ಕ ಮಾತ್ರ ಅವಳಿಗೆ ಸ್ಪಷ್ಟವಾಗಿತ್ತು.

ಹೊಲಿಗೆ ಮೆಷಿನ್ ಒಂಬತ್ತು ದಿನ ಸದ್ದು ಮಾಡಲಿಲ್ಲ. ಅವಳು ನಡೆಯಲು ಹೋಗಲಿಲ್ಲ. ಅಮ್ಮ ತಂದಿಟ್ಟದ್ದನ್ನು ಒಮ್ಮೆ ಗಬಗಬನೆ ತಿನ್ನುವಳು, ಇನ್ನೊಮ್ಮೆ ಮುಟ್ಟುವುದೇ ಇಲ್ಲ.

ಹತ್ತನೇ ದಿನ ಅವನು ಬಂದ. ಅಮ್ಮ ಒಳಗೆ ಬಿಟ್ಟು ಅಡುಗೆಮನೆಗೆ ಸರಿದಳು. ಅವನು ಕೋಣೆಯ ಬಾಗಿಲಲ್ಲೇ ನಿಂತ.

"ನರ್ಸ್ ಮೊನ್ನೆ ಹೇಳಿದ್ರು. ಹೋಗಿ ಆ ಕುರ್ಚಿ ಒಂದನ್ನೇ ತೂಗಿದೆ. ನಾಲ್ಕು ಕಿಲೋ. ನಾನು ಅಷ್ಟು ವಾರನೂ ಒಂಬತ್ತು ಕಳೆದಿದೀನಿ."

"ಯಾಕೆ? ನನ್ನ ನೋಡಿ ಅಯ್ಯೋ ಅನ್ನಿಸ್ತಾ?"

"ಇಲ್ಲ. ಒಂಬತ್ತು ತಳ್ಳುಗಾಡಿ ತೂಕ. ಹನ್ನೊಂದು ವರ್ಷದಿಂದ ಏನು ತೂಗಿದ್ರೂ ಒಂಬತ್ತು ಕಳೆದೇ ಬರಿಯೋದು. ಕೈ ತಾನಾಗೇ ಬರೀತು."

"ಗ್ರಾಂ ಬಿಡದ ಮನುಷ್ಯ ನೀವು. ನಾನು ನಂಬಬೇಕಾ?"

ಅವನು ತಲೆ ತಗ್ಗಿಸಿದ. "ಬೇರೆ ಹೊತ್ತಲ್ಲಿ ಬಿಡಲ್ಲ. ಗುರುವಾರ ಹತ್ತು ಗಂಟೆಗೆ ನನ್ನ ಗಮನ ಅಂಕಿ ಮೇಲೆ ಇರ್ತಿರಲಿಲ್ಲ."

ಬರೀ ಕನಿಕರವಾಗಿದ್ದರೆ ಅವಳಿಗೆ ದ್ವೇಷಿಸುವುದು ಸುಲಭವಿತ್ತು.

"ಡಾಕ್ಟ್ರಿಗೆ ಎಲ್ಲ ಹೇಳ್ದೆ, ತಪ್ಪು ನಂದು ಅಂತ. ಇನ್ನೂ ಬೇಗ ದಿನಾಂಕ ಕೊಡೋಕಾಗಲ್ಲ ಅಂದ್ರು. ನನ್ನ ತಪ್ಪಿಗೆ ನಿಮ್ಮ ಜೀವ..."

"ನನ್ನ ತಪ್ಪೂ ಇದೆ," ಎಂದಳು ಅವಳು ಗೋಡೆಗೆ. "ಟೇಪು ಹಾಕಿದ್ರೆ ಅವತ್ತೇ ಗೊತ್ತಾಗ್ತಿತ್ತು. ಹಾಕ್ಲಿಲ್ಲ. ಬಿಸ್ಕತ್ತೂ ತಿಂದೆ." ಆಮೇಲೆ ಕೇಳಿದಳು. "ನಾಲ್ಕು ತಿಂಗಳು ಇರ್ತೀನಾ ನಾನು?"

ಹಾಗೆಲ್ಲ ಮಾತಾಡಬಾರದು ಎಂದು ಅವನು ಹೇಳಲಿಲ್ಲ. "ಗೊತ್ತಿಲ್ಲ" ಎಂದ. ಇಷ್ಟು ದಿನಗಳಲ್ಲಿ ಅವಳಿಗೆ ಸಿಕ್ಕ ನಿಜವಾದ ಉತ್ತರ ಅದೊಂದೇ.

"ಆಪರೇಷನ್ ಆದ್ರೂ ಅಷ್ಟೇ. ನಾಲ್ಕು ಚಮಚ ಊಟ, ಅದಕ್ಕೆ ಅರ್ಧ ಗಂಟೆ. ಕೂದಲು ಉದುರುತ್ತೆ, ಚರ್ಮ ಜೋತು ಬೀಳುತ್ತೆ. ಅಂಥವಳನ್ನ ಯಾರು ನೋಡ್ತಾರೆ?"

"ನಾನು ನೋಡ್ತೀನಿ. ಆಪರೇಷನ್ ಆಗದೇ ಇದ್ರೂ ನೋಡ್ತೀನಿ. ನೀವಂದ್ರೆ ನಂಗೆ ಇಷ್ಟ."

ಅವಳು ಗೋಡೆ ಬಿಟ್ಟು ಈಚೆ ತಿರುಗಿದಳು. ಒಂಬತ್ತು ದಿನ ಬಾರದ ಅಳು ಆಗ ಬಂತು, ದಿಂಬು ನೆನೆಯುವಷ್ಟು. ಅವನು ಸಮಾಧಾನ ಹೇಳಲು ಹೋಗಲಿಲ್ಲ. ಅಳು ಮುಗಿಯುವವರೆಗೆ ಅಲ್ಲೇ ನಿಂತಿದ್ದ.

"ಇವತ್ತು ಏನಾದ್ರೂ ತಿಂದ್ರಾ?"

"ಇಲ್ಲ."

"ತಿನ್ನಿ. ನಾನು ಕೂತಿರ್ತೀನಿ."

"ನಂಗೆ ತುಂಬಾ ಹೊತ್ತು ಹಿಡಿಯುತ್ತೆ. ನಿಮಗೆ ಕೆಲಸ ಇಲ್ವಾ?"

"ಸದ್ಯಕ್ಕೆ ಇಲ್ಲ. ವಿಚಾರಣೆ ಮುಗಿಯೋವರೆಗೂ ಬರಬೇಡ ಅಂದಿದಾರೆ."

ಅವಳು ಅವನನ್ನೇ ನೋಡಿದಳು. ಆಮೇಲೆ ಮಂಚದ ಅಂಚಿನಲ್ಲಿ ಹರಡಿದ್ದ ಯೂನಿಫಾರ್ಮ್ ಬಟ್ಟೆಗಳನ್ನು ನಿಧಾನವಾಗಿ ಆಚೆ ಸರಿಸಿದಳು.

"ನಾನು ತಿನ್ನೋದನ್ನ ಯಾರಾದ್ರೂ ಎದುರಿಗೆ ಕೂತು ನೋಡಿದ್ರೆ ನಂಗೆ ಆಗಲ್ಲ."

"ಹಾಗಾದ್ರೆ ಎಲ್ಲಿ ಕೂರ್ಲಿ?"

"ಪಕ್ಕದಲ್ಲಿ."