ಎಡಕ್ಕೆಂದು ನಿಂತ ದನಿ

"ನೇರ ಬಾ, ಮೆಹರೂ! ನೇರ... ನೇರ... ಒಂಚೂರು ಬಲಕ್ಕ... ಹಾಂ, ನೇರ ಬಾ!"

ಬಾಗಲಕೋಟೆಯ ಅಂಧ ಮಕ್ಕಳ ಶಾಲೆಯ ಮೈದಾನದ ತುದಿಯಲ್ಲಿ ನಿಂತು ಈರಸಂಗಪ್ಪ ಮಾಸ್ತರರು ಕೂಗುತ್ತಿದ್ದರು. ಕೂಗುತ್ತಿದ್ದರು ಎಂದರೆ ಬಾಯಿ ಆಡುತ್ತಿತ್ತು, ಅಷ್ಟೆ. ಗಂಟಲಿನ ದನಿಪೆಟ್ಟಿಗೆಯನ್ನು ಮೂರು ವರ್ಷದ ಹಿಂದೆ, 2055ರಲ್ಲಿ, ಕ್ಯಾನ್ಸರ್ ಎಂದು ತೆಗೆದುಹಾಕಿದ್ದರು. ಈಗ ಕೇಳುತ್ತಿದ್ದ ಆ ಗಡಸು ಕೂಗು ಅವರ ಎದೆಯ ಮೇಲಿದ್ದ, ಸಾಬೂನಿನ ಗಾತ್ರದ ಪೆಟ್ಟಿಗೆಯಿಂದ ಬರುತ್ತಿತ್ತು. ಕೊರಳಿಗೆ ಸುತ್ತಿದ ಪಟ್ಟಿಯು ಗಂಟಲಿನ ಸ್ನಾಯುಗಳಲ್ಲಿ ಹರಿಯುವ ಸಣ್ಣ ವಿದ್ಯುತ್ತನ್ನು ಓದಿ ರೇಡಿಯೋ ಅಲೆಯಲ್ಲಿ ಪೆಟ್ಟಿಗೆಗೆ ಕಳಿಸುತ್ತದೆ. ಪೆಟ್ಟಿಗೆ ಅದನ್ನು ಮಾತಾಗಿಸಿ ಮಾಸ್ತರರ ಹಳೆಯ ದನಿಯಲ್ಲೇ ನುಡಿಯುತ್ತದೆ. ಹಿಂದಿನ ಕ್ರೀಡಾಕೂಟಗಳಲ್ಲಿ ಯಾರೋ ಚಿತ್ರಿಸಿಟ್ಟಿದ್ದ ವಿಡಿಯೋಗಳಿಂದ ಆ ದನಿಯನ್ನು ಹೆಕ್ಕಿ ತೆಗೆದಿದ್ದರು. ಊರವರು ಇದನ್ನು ಕೊರಳಪಟ್ಟಿ ಎಂದೇ ಕರೆಯುತ್ತಿದ್ದರು. ಅದನ್ನು ಕಂಡುಹಿಡಿದ ಧಾರವಾಡದ ವಿಜ್ಞಾನಿ ಪ್ರಣತಿ ಹೊಸಮನಿ ಆ ಮುಂಜಾನೆ ಶಾಲೆಯ ಕಟ್ಟೆಯ ಮೇಲೆ ಕುಳಿತು ಓಟ ನೋಡುತ್ತಿದ್ದಳು.

ಹದಿಮೂರು ವರ್ಷದ ಮೆಹರುನ್ನೀಸಾ ಹುಟ್ಟು ಕುರುಡಿ. ಅವಳ ಓಟದಲ್ಲಿ ಗೆರೆಯೂ ಇಲ್ಲ, ಹಿಡಿದುಕೊಳ್ಳಲು ಹಗ್ಗವೂ ಇಲ್ಲ. ಗುರಿಯ ಹತ್ತಿರ ಒಬ್ಬರು ನಿಂತು ಕೂಗುತ್ತಾರೆ, ಮಗು ಆ ಕೂಗಿನತ್ತ ಓಡುತ್ತದೆ. ಓಡುವುದೇನು, ಮೈಯನ್ನೇ ಆ ದನಿಯ ಕೈಗೆ ಕೊಟ್ಟುಬಿಡುತ್ತದೆ. ನೋಡುವವರ ಎದೆ ಡವಡವ ಎನ್ನುತ್ತಿದ್ದರೆ ಓಡುವ ಮಕ್ಕಳು ನಗುತ್ತಿರುತ್ತಾರೆ.

ಅವಳು ಅರ್ಧ ದಾರಿ ದಾಟಿದಾಗ ಮಾಸ್ತರರು "ಎಡಕ್ಕ" ಎಂದರು. ಪೆಟ್ಟಿಗೆ "ಎಡಕ್ಕ" ಎಂದಿತು. ಆಮೇಲೆ ಮತ್ತೆ "ಎಡಕ್ಕ, ಎಡಕ್ಕ, ಎಡಕ್ಕ" ಎಂದು ಅದೇ ಏರಿಳಿತದಲ್ಲಿ ಹೇಳುತ್ತಲೇ ಹೋಯಿತು. ಮಾಸ್ತರರ ಬಾಯಿ "ನಿಲ್ಲು, ನಿಲ್ಲು" ಎನ್ನುತ್ತಿತ್ತು. ಅದು ಕಣ್ಣಿದ್ದವರಿಗೆ ಮಾತ್ರ ಕಾಣುವ ಮಾತು. ಮೆಹರು ಎಡಕ್ಕೆ ತಿರುಗಿದಳು, ಇನ್ನೂ ಎಡಕ್ಕೆ ತಿರುಗಿದಳು. ಮಾಸ್ತರರು ಬಿದ್ದಂಬೀಳ ಓಡಿದರು, ಪ್ರಣತಿಯೂ ಓಡಿದಳು. ಅಷ್ಟರಲ್ಲಿ ಹುಡುಗಿ ಬೇಲಿಯ ಕಬ್ಬಿಣದ ಕೊಳವೆಗೆ ಹಣೆ ಬಡಿದುಕೊಂಡು ಕುಸಿದಿದ್ದಳು.

ಗಾಯ ದೊಡ್ಡದಾಗಿರಲಿಲ್ಲ. ಔಷಧಿ ಹಚ್ಚುವಾಗ ಅವಳು ಅಳಲೂ ಇಲ್ಲ. "ನೀವು ಎಡಕ್ಕ ಅಂದ್ರಿ ಸರ್ರ, ಅದಕ್ಕ ಎಡಕ್ಕ ಹೋದೆ" ಎಂದಳು. ಅವಳು ಬೈದಿದ್ದರೂ ತಡೆದುಕೊಳ್ಳಬಹುದಿತ್ತು. ಮಾಸ್ತರರು ಪಟ್ಟಿ ಬಿಚ್ಚಿ ಪ್ರಣತಿಯ ಕೈಗಿಟ್ಟು, ಕಣ್ಣೊರೆಸಿಕೊಳ್ಳುತ್ತ ಆಚೆ ಹೋದರು.

ಮುಂದಿನ ವಾರ ರಾಜ್ಯಮಟ್ಟದ ಓಟವಿತ್ತು. ಬೇರೆಯವರು ಕೂಗಿದರೆ ಓಡುವುದಿಲ್ಲ ಎಂದು ಮೆಹರು ಮೊದಲಿನಿಂದಲೂ ಹಟ ಹಿಡಿದವಳು. ಈಗ ಮಾಸ್ತರರು ಮತ್ತೆ ಪಟ್ಟಿ ತೊಟ್ಟು ಕೂಗಿದರೂ ನಾಲ್ಕು ಹೆಜ್ಜೆ ಓಡಿ, ಕೈ ಮುಂದೆ ಚಾಚಿ ನಿಂತುಬಿಡುತ್ತಿದ್ದಳು. ಮಾಸ್ತರರಂತೂ ಪ್ರಣತಿಗೆ ನೇರವಾಗಿಯೇ ಹೇಳಿದರು: "ಇದು ಸರಿಹೋಗಲಿಲ್ಲಂದ್ರ ನಾ ಮೈದಾನಕ್ಕ ಕಾಲಿಡಂಗಿಲ್ರಿ ಅಕ್ಕಾರ. ಮಕ್ಕಳನ್ನ ಗ್ವಾಡಿಗೆ ಹಾಯಿಸೋ ದನಿ ನನಗ ಬ್ಯಾಡ. ಮೂಕನಾಗಿ ಇರ್ತೀನಿ."

ಪ್ರಣತಿ ಪಟ್ಟಿಯನ್ನು ಬಿಚ್ಚಿ ಹರವಿಕೊಂಡು ಕುಳಿತಳು. ಯಂತ್ರ ಹೀಗೆ ಇದ್ದಕ್ಕಿದ್ದಂತೆ ಹೆಪ್ಪುಗಟ್ಟಿ ನಿಲ್ಲುವುದು ಎಲ್ಲ ಕಾಯಿಲೆಗಳಿಗಿಂತ ಕೆಟ್ಟದ್ದು. ಸುಟ್ಟುಹೋದ ಯಂತ್ರ ವಾಸನೆಯಿಂದಾದರೂ ಹೇಳುತ್ತದೆ. ಹೆಪ್ಪುಗಟ್ಟುವ ಯಂತ್ರ ಬ್ಯಾಟರಿ ಕಿತ್ತು ಹಾಕಿದೊಡನೆ ಏನೂ ಆಗಿಯೇ ಇಲ್ಲವೆಂಬಂತೆ ಮತ್ತೆ ಮಾತಾಡುತ್ತದೆ. ಅದು ತನ್ನ ಕೆಲಸಗಳನ್ನು ತಾನೇ ಬರೆದಿಡುವ ದಾಖಲೆಯನ್ನು ತೆರೆದು ನೋಡಿದರೆ ಕೊನೆಯ ಸಾಲಿನವರೆಗೂ ಎಲ್ಲ ಕ್ಷೇಮ. ಆಮೇಲೆ ಬರೆಯುವ ಕೈಯೇ ನಿಂತುಹೋಗಿರುತ್ತದೆ.

ಬ್ಯಾಟರಿ ಬದಲಿಸಿದಳು, ದನಿ ಮತ್ತೆ ನಿಂತಿತು. ನೆನಪಿನ ಚಿಪ್ ಬದಲಿಸಿದಳು, ಮತ್ತೆ ನಿಂತಿತು. ಬಿಸಿಲಿಗೆ ಕಾದಿರಬೇಕು ಎಂದು ನೆರಳಲ್ಲಿ ಕೂಗಿಸಿದಳು, ನೆರಳಲ್ಲೂ ನಿಂತಿತು. ಪಟ್ಟಿಯನ್ನು ಧಾರವಾಡಕ್ಕೆ ಒಯ್ದು, ಪ್ರಯೋಗಾಲಯದ ಪ್ಲಾಸ್ಟಿಕ್ ಕೊರಳಿಗೆ ಸುತ್ತಿ ಹಗಲೂ ರಾತ್ರಿ ಮಾತಾಡಿಸಿದಳು. ಆ ಪ್ಲಾಸ್ಟಿಕ್ ಮಹಾಶಯ ಒಮ್ಮೆಯೂ ತಡವರಿಸಲಿಲ್ಲ. ವಾಪಸು ಬಂದು ಮಾಸ್ತರರಿಗೆ ತೊಡಿಸಿದರೆ ಮಧ್ಯಾಹ್ನದೊಳಗೆ ಎರಡು ಸಲ ನಿಂತಿತು. ಇದಕ್ಕೆ ಏನೆನ್ನಬೇಕು?

ಲೋಹವು ರೇಡಿಯೋ ಅಲೆಗೆ ಅಡ್ಡವಾಗುತ್ತದೆ ಎಂಬುದು ಅವಳಿಗೆ ಗೊತ್ತಿಲ್ಲದ್ದೇನಲ್ಲ. "ಮೈಮ್ಯಾಲ ಲೋಹದ್ದು ಏನರ ಐತೇನ್ರಿ ಮಾಸ್ತರ?" ಎಂದು ಮೊದಲ ದಿನವೇ ಕೇಳಿದ್ದಳು. ಅವರು ಗಡಿಯಾರ ಬಿಚ್ಚಿದ್ದರು, ಉಂಗುರ ತೆಗೆದಿದ್ದರು, ಉಡಿದಾರಕ್ಕೆ ಕಟ್ಟಿದ್ದ ಕಪಾಟಿನ ಕೀಲಿಯನ್ನೂ ಇಟ್ಟು, "ಇನ್ನೇನೂ ಇಲ್ರಿ" ಎಂದಿದ್ದರು. ಅವರು ಸುಳ್ಳು ಹೇಳುವವರಲ್ಲ.

ಓಟಕ್ಕೆ ಎರಡು ದಿನ ಉಳಿದಾಗ ಮಾಸ್ತರರು ತಾವಾಗಿಯೇ ಒಂದು ಮಾತು ತೆಗೆದರು. "ಒಂದ ಹೇಳ್ತೀನಿ, ನಗಬಾರ್ದು ನೋಡ್ರಿ. ಪೂಜಾ ಮಾಡ್ಕೋವಾಗ ಇದು ಒಂದ ಸಲಾನೂ ನಿಂತಿಲ್ಲ. ಶಿವನ ಮುಂದ ಅದಕ್ಕೂ ಅಂಜಿಕಿ ಐತಿ ಅಂತ ಕಾಣತೈತಿ."

ಪ್ರಣತಿ ನಕ್ಕೇ ಬಿಟ್ಟಳು. ಆದರೆ ನಗು ಮುಗಿದ ಮೇಲೂ ಆ ಮಾತು ತಲೆಯಲ್ಲಿ ಕೊರೆಯುತ್ತಿತ್ತು. ಶಿವನ ವಿಷಯ ಹಾಗಿರಲಿ, ಒಂದು ಹೊತ್ತಿನಲ್ಲಿ ನಿಲ್ಲುತ್ತದೆ, ಇನ್ನೊಂದು ಹೊತ್ತಿನಲ್ಲಿ ನಿಲ್ಲುವುದಿಲ್ಲ ಎಂದರೆ ಆ ಎರಡರ ನಡುವೆ ವ್ಯತ್ಯಾಸವೊಂದು ಇರಲೇಬೇಕು. "ನಾಳೆ ನಿಮ್ಮ ಪೂಜಾಕ್ಕ ಬರ್ತೀನ್ರಿ" ಎಂದಳು.

ಮರುದಿನ ಬೆಳಗ್ಗೆ ದೇವರ ಕೋಣೆಯ ಹೊಸ್ತಿಲಾಚೆ ಅಲೆ ಅಳೆಯುವ ಮಾಪಕವನ್ನಿಟ್ಟುಕೊಂಡು ಕುಳಿತಳು. ಮಾಸ್ತರರು ಸ್ನಾನ ಮಾಡಿ, ವಿಭೂತಿ ಧರಿಸಿ, ಮಣೆಯ ಮೇಲೆ ಕುಳಿತರು. ಕೊರಳಲ್ಲಿದ್ದ ಬೆಳ್ಳಿಯ ಕರಡಿಗೆಯನ್ನು ತೆರೆದು ಇಷ್ಟಲಿಂಗವನ್ನು ಎಡ ಅಂಗೈಯಲ್ಲಿಟ್ಟುಕೊಂಡು, ಬರಿದಾದ ಕರಡಿಗೆಯನ್ನು ಪಕ್ಕದ ತಟ್ಟೆಯಲ್ಲಿಟ್ಟರು. ಎದೆಯ ಪೆಟ್ಟಿಗೆಯಿಂದ ಮಂತ್ರ ಮೆಲ್ಲಗೆ ಕೇಳತೊಡಗಿತು. ಮಾಪಕದ ಗೆರೆ ಸಮನಾಗಿ ಸಾಗುತ್ತಿತ್ತು. ಪೂಜೆ ಮುಗಿಯಿತು. ಲಿಂಗ ಕರಡಿಗೆಯೊಳಗೆ ಹೋಯಿತು, ಕರಡಿಗೆ ಕೊರಳಿಗೆ ಬಂತು. ಅವರು ಏಳಲು ಮುಂದಕ್ಕೆ ಬಾಗಿದಾಗ ಅದು ತೂಗಿ ಬಂದು ಪೆಟ್ಟಿಗೆಯ ಮೂಲೆಯ ಮೇಲೆ ಕುಳಿತಿತು. ಗೆರೆ ಪಟ್ಟನೆ ನೆಲ ಕಚ್ಚಿತು.

"ಅಯ್ಯ ಶಿವನ!" ಎಂದಳು ಪ್ರಣತಿ. ಅವಳ ಕೈ ತನ್ನ ಎದೆಯ ಮೇಲೆ ಹೋಯಿತು. ಅಲ್ಲಿ, ಕುಪ್ಪಸದೊಳಗೆ, ಅವಳದೂ ಒಂದು ಬೆಳ್ಳಿಯ ಕರಡಿಗೆ ಇತ್ತು. ಲೋಹವೇನಾದರೂ ಇದೆಯೇ ಎಂದು ಕೇಳಿದವಳು ಅದನ್ನು ಧರಿಸಿಯೇ ಕೇಳಿದ್ದಳು. ಇಲ್ಲ ಎಂದವರೂ ಅದನ್ನು ಧರಿಸಿಯೇ ಇಲ್ಲವೆಂದಿದ್ದರು. ದೀಕ್ಷೆಯಾದ ದಿನದಿಂದ ಮೈಬಿಟ್ಟು ಹೋಗದ್ದನ್ನು ಯಾರು ತಾನೆ ಲೋಹ ಎಂದು ಎಣಿಸುತ್ತಾರೆ?

ಅವಳು ವಿವರಿಸಿ ಹೇಳಿದಾಗ ಮಾಸ್ತರರು ಎದೆಯ ಮೇಲಿನ ಕರಡಿಗೆಯನ್ನು ನೋಡಿಕೊಂಡರು. ಆಮೇಲೆ ಎರಡೂ ಕೈ ಕರಡಿಗೆಯ ಶಿವದಾರವನ್ನು ತೆಗೆಯಲು ಹೋದವು.

"ಕೂಗೋ ಹೊತ್ತಿನಾಗ ತೆಗೆದಿಡ್ತೀನ್ರಿ. ಕೂಸಿನ ಹಣಿಗಿಂತ ಇದು ದೊಡ್ಡದಲ್ಲ. ಶಿವಾ ತಿಳಕೋತಾನ."

ಪ್ರಣತಿಯ ಕಣ್ಣು ತುಂಬಿ ಬಂದವು. "ಕೈ ತೆಗೀರಿ ಮಾಸ್ತರ. ಪೆಟ್ಟಿಗಿಯೇನು ನಿಮ್ಮ ದೇಹದ ಭಾಗ ಅಲ್ಲ. ಅದನ್ನ ಹೆಗಲ ಮ್ಯಾಲ ಕಟ್ಟಿದ್ರಾತು. ನಾ ಮಾಡಿದ ಯಂತ್ರ ನಿಮಗ ಹೊಂದಬೇಕ ಹೊರತು ನೀವು ಅದಕ್ಕಲ್ಲ" ಎಂದಳು.

ಒಂದು ಬಟ್ಟೆಯ ಪಟ್ಟಿಯಲ್ಲಿ ಆ ಕೆಲಸ ಮುಗಿಯಿತು. ಮಾಸ್ತರರಿಗೆ ಹೋದ ಜೀವ ಬಂದಂತಾಯಿತು. ಆದರೆ ಮೆಹರುಗೆ ಇದರಿಂದ ಏನೂ ಸಮಾಧಾನವಾಗಲಿಲ್ಲ.

"ಇನ್ನ ಮ್ಯಾಲ ದನಿ ನಿಲ್ಲೂದ ಇಲ್ಲ ಅಂತೀರೇನ್ರಿ?" ಎಂದು ಕೇಳಿದಳು.

ಹೂಂ ಎಂದುಬಿಡುವುದು ಸುಲಭವಿತ್ತು. ಪ್ರಣತಿ ಹಾಗನ್ನಲಿಲ್ಲ. "ಹಂಗ ಹೇಳಾಕ ಬರಂಗಿಲ್ಲವ್ವ. ಬೆವರು, ಧೂಳು, ಏನರ ಒಂದು ಅಡ್ಡ ಬರಬಹುದು."

"ನಿಂತ್ರ ನಿಲ್ಲಲಿ ಬಿಡ್ರಿ" ಎಂದಳು ಹುಡುಗಿ. "ದನಿ ಸುಮ್ಮನಾತಂದ್ರ ನಾನೂ ನಿಲ್ತೀನಿ. ಸರ್ರು ಅನ್ನದ್ದನ್ನ ಪೆಟ್ಟಿಗಿ ಅವರ ದನೀಲೆ ಅನಬಾರ್ದು, ಅಷ್ಟ."

ಪ್ರಣತಿ ಬೆರಗಾಗಿ ಅವಳ ಮುಖ ನೋಡಿದಳು. ಇಷ್ಟು ದಿನ ಅವಳು ದನಿ ಯಾಕೆ ನಿಲ್ಲುತ್ತದೆ ಎಂದು ಹುಡುಕುತ್ತಿದ್ದಳೇ ಹೊರತು, ನಿಂತ ಮೇಲೆ ಪೆಟ್ಟಿಗೆ ಯಾಕೆ ಮಾತಾಡುತ್ತಲೇ ಇರುತ್ತದೆ ಎಂದು ಕೇಳಿಕೊಂಡಿರಲಿಲ್ಲ.

ಪೆಟ್ಟಿಗೆಯನ್ನು ನಡೆಸುವುದು ಒಂದು ಮುಕ್ತ ಕಾರ್ಯವ್ಯವಸ್ಥೆ. ಕಾರ್ಯವ್ಯವಸ್ಥೆ ಎಂದರೆ ಯಂತ್ರದ ಎಲ್ಲ ಕೆಲಸಗಳಿಗೂ ಸರದಿ ಹಚ್ಚುವ ಮೂಲ ತಂತ್ರಾಂಶ. ಮುಕ್ತ ಎಂದರೆ ಅದರ ಒಂದೊಂದು ಸಾಲನ್ನೂ ಯಾರು ಬೇಕಾದರೂ ಓದಬಹುದು, ತಿದ್ದಬಹುದು, ತಮ್ಮ ಯಂತ್ರಕ್ಕೆ ಸೇರಿಸಿಕೊಳ್ಳಬಹುದು. ಕೊರಳಪಟ್ಟಿಯಲ್ಲಿ ಪ್ರಣತಿ ತಾನೇ ಬರೆದದ್ದು ಒಂದು ಹಿಡಿ. ಉಳಿದದ್ದು ಲೋಕದ ಯಾವ ಯಾವ ಮೂಲೆಯವರೋ ವರ್ಷಗಟ್ಟಲೆ ಬರೆದು, ತಗೊಳ್ಳಿ ಎಂದು ಬಿಟ್ಟದ್ದು. ಆ ಧಾರಾಳತನ ಇಲ್ಲದಿದ್ದರೆ ಬಾಗಲಕೋಟೆಯ ಮಾಸ್ತರರೊಬ್ಬರ ಕೊರಳಿಗೆ ಇಂಥ ದನಿ ಎಲ್ಲಿಂದ ಬರಬೇಕು?

ಆ ಇಡೀ ಹಗಲು ಅವಳು ಸಾಲುಗಳನ್ನು ಓದಿದಳು. ಅಲೆ ಕಡಿದಾಗ ಪಟ್ಟಿ ಪೆಟ್ಟಿಗೆಯ ಕರೆಗಾಗಿ ಕಾಯುತ್ತಿತ್ತು, ಪೆಟ್ಟಿಗೆ ಪಟ್ಟಿಯ ಉತ್ತರಕ್ಕಾಗಿ ಕಾಯುತ್ತಿತ್ತು. ನೀವು ಮೊದಲು, ನೀವು ಮೊದಲು ಎಂದು ಬಾಗಿಲಲ್ಲೇ ನಿಂತುಬಿಟ್ಟ ಬೀಗರಂತೆ ಎರಡೂ ಅಲುಗುತ್ತಿರಲಿಲ್ಲ, ಹಿಂದಿನವರಿಗೂ ದಾರಿ ಇರಲಿಲ್ಲ. ಅಷ್ಟು ಹೊತ್ತೂ ಪೆಟ್ಟಿಗೆ ಮಾಡುತ್ತಿದ್ದುದು ಒಂದೇ ಕೆಲಸ. ಅದಕ್ಕೆ ಒಂದೇ ಸಾಲಿನ ಅಪ್ಪಣೆ ಇತ್ತು: ಹೊಸ ದನಿ ಬರುವತನಕ ಹಳೆಯದನ್ನೇ ನುಡಿಸುತ್ತಿರು.

ಅವಳು ಆ ಸಾಲನ್ನು ತೆಗೆದು ಬೇರೆ ಬರೆದಳು: ಹೊಸ ದನಿ ಬಾರದಿದ್ದರೆ ಸುಮ್ಮನಿರು, ಕಾಯಬೇಡ, ಮತ್ತೆ ನೀನೇ ಕರೆ.

ರಾಜ್ಯಮಟ್ಟದ ಓಟ ದಾವಣಗೆರೆಯಲ್ಲಿ ನಡೆಯಿತು. ಮಾಸ್ತರರು ಗುರಿಯ ಹತ್ತಿರ ನಿಂತು ಕೂಗತೊಡಗಿದರು. ಮೆಹರು ಮೊದಲ ಹೆಜ್ಜೆಗಳನ್ನು ಅಳೆದೂ ಸುರಿದೂ ಇಟ್ಟಳು. ಆಮೇಲೆ ಅವಳ ಕಾಲಿಗೆ ವೇಗ ಬಂತು. ಮುಕ್ಕಾಲು ದಾರಿಯಲ್ಲಿ, ಯಾತಕ್ಕೋ, ಅಲೆ ಕಡಿಯಿತು. "ಬಲಕ್ಕ" ಎಂದ ದನಿ ಅಲ್ಲಿಗೇ ಸುಮ್ಮನಾಯಿತು. ಪ್ರೇಕ್ಷಕರ ನಡುವೆ ಕುಳಿತಿದ್ದ ಪ್ರಣತಿ ಎದ್ದು ನಿಂತಳು. ಮೆಹರು ಆಡಿದ ಮಾತಿನಂತೆ ತಟಕ್ಕನೆ ನಿಂತಳು. ಪಕ್ಕದ ಹುಡುಗಿಯರು ತಮ್ಮ ತಮ್ಮ ಕೂಗಿನತ್ತ ಮುಂದೆ ಹೋದರು. ಒಂದು ಉಸಿರು, ಎರಡು ಉಸಿರು. "ಇಲ್ಲೇ ಅದೀನಿ, ನೇರ ಬಾ ನನ್ನವ್ವ!" ಎಂದು ದನಿ ಬಂತು. ಅವಳು ಕೈ ಮುಂದೆ ಚಾಚಲಿಲ್ಲ. ತೋಳು ಬೀಸಿಕೊಂಡು, ನಗುತ್ತ ಓಡಿ ಬಂದು ಮಾಸ್ತರರ ಹೊಟ್ಟೆಗೆ ಢೀ ಕೊಟ್ಟಳು.

ಬಂದದ್ದು ನಾಲ್ಕನೆಯ ಸ್ಥಾನ. "ನಿಮ್ಮ ಪೆಟ್ಟಿಗಿ ದೆಸೆಯಿಂದ ಪದಕ ಹೋತು" ಎಂದು ಅವಳು ಊರು ಮುಟ್ಟುವತನಕ ಜಗಳ ತೆಗೆದಳು. ಮಾಸ್ತರರು ಆ ಬೈಗುಳವನ್ನು ಸಂತೋಷದಿಂದ ಕೇಳಿಸಿಕೊಂಡರು. ಮಾರನೆಯ ಬೆಳಗ್ಗೆ ಮೈದಾನಕ್ಕೆ ಎಲ್ಲರಿಗಿಂತ ಮೊದಲು ಬಂದು ನಿಂತವಳು ಅವಳೇ.

ಪ್ರಣತಿ ತಾನು ತಿದ್ದಿದ ಸಾಲನ್ನು ಎಲ್ಲರೂ ಬಳಸುವಂತೆ ಲೋಕಕ್ಕೆ ಬಿಟ್ಟುಕೊಟ್ಟಳು. ಪೆರುವಿನಿಂದ, ಕೀನ್ಯಾದಿಂದ ಜನ ಬರೆದರು. ಕೊರಳ ತಾಯಿತ, ಶಿಲುಬೆ, ಮದುವೆಯ ಸರ, ಯಾರೂ ಲೋಹವೆಂದು ಎಣಿಸದ ಏನೇನೋ ಅಲ್ಲೂ ಅಡ್ಡ ಬಂದಿದ್ದವಂತೆ. ಕೆಲವೇ ತಿಂಗಳಲ್ಲಿ ಕುರುಡರಿಗೆ ದಾರಿ ಹೇಳುವ ಕೋಲುಗಳು, ಆಸ್ಪತ್ರೆಯ ಹಾಸಿಗೆಯ ಪಕ್ಕದ ಯಂತ್ರಗಳು, ಮಾತಾಡುವ ವಾಹನಗಳು ಆ ಸಾಲನ್ನು ತೆಗೆದುಕೊಂಡವು. ತಿಳಿಯದಾಗ ಯಂತ್ರಗಳು ಸುಮ್ಮನಾಗತೊಡಗಿದವು. ಮೊದಮೊದಲು ಜನಕ್ಕೆ ಆ ಮೌನದಿಂದ ಕಸಿವಿಸಿಯಾಯಿತು. ಬರಬರುತ್ತ ಆ ಮೌನವಿದ್ದದ್ದರಿಂದಲೇ ಅವುಗಳ ಮಾತನ್ನು ನಂಬತೊಡಗಿದರು.

ಹಳೆಯ ಸಾಲನ್ನು ಬರೆದವರು ಯಾರು ಎಂಬ ಕುತೂಹಲ ಅವಳನ್ನು ಬಿಡಲಿಲ್ಲ. ಮುಕ್ತ ತಂತ್ರಾಂಶದಲ್ಲಿ ಪ್ರತಿ ಸಾಲಿಗೂ ಅದನ್ನು ಬರೆದ ದಿನ, ಬರೆದ ಕಾರಣ ಅಂಟಿಕೊಂಡೇ ಇರುತ್ತವೆ. ಒಬ್ಬರಿಂದೊಬ್ಬರಿಗೆ ಎರವಲು ಹೋದ ಜಾಡನ್ನು ಹಿಂದೆ ಹಿಂದೆ ಹಿಡಿದು ಹೋದಾಗ, ಆ ಸಾಲು ಹುಟ್ಟಿದ್ದು 2025ರಲ್ಲಿ ಎಂದು ತಿಳಿಯಿತು. ಬರೆದವನು ಕೆಟ್ಟವನೇನಲ್ಲ, ಸೋಮಾರಿಯೂ ಅಲ್ಲ. ಮನೆಯಲ್ಲಿ ಹಾಡು ಹಚ್ಚುವ ತಂತಿರಹಿತ ಸ್ಪೀಕರು ನಡುನಡುವೆ ತುಂಡಾಗುತ್ತಿತ್ತು, ಕೇಳುವವರಿಗೆ ರಸಭಂಗವಾಗಬಾರದು ಎಂದು ಸಂಜೆಯ ಬಿಡುವಿನಲ್ಲಿ ಪುಕ್ಕಟೆಯಾಗಿ ಬರೆದುಕೊಟ್ಟಿದ್ದ. ಅದು ಅವನ ಮಟ್ಟಿಗೆ ಚೆನ್ನಾಗಿಯೇ ಕೆಲಸ ಮಾಡಿತ್ತು. ಹತ್ತಾರು ಜನ ಅವನಿಗೆ ಧನ್ಯವಾದ ಹೇಳಿದ್ದರು.

2025ರ ಆ ಸಂಜೆ ಆ ಸಾಲನ್ನು ಬರೆದು, ಒಮ್ಮೆ ಹಾಡು ಹಚ್ಚಿ ಪರೀಕ್ಷಿಸಿ, ಅವನು ದೀಪ ಆರಿಸಿ ಊಟಕ್ಕೆ ಏಳುತ್ತಾನೆ. ಮೆಹರು ಹುಟ್ಟಲು ಇನ್ನೂ ಇಪ್ಪತ್ತು ವರ್ಷವಿದೆ.