ಆಗಸ್ಟ್ ತಿಂಗಳ ನೀಲಿ ಗೆರೆ

“ಯಾನಲೋಮಾದ ತುಂಡು ನೋಡ್ರೋ. ಇಷ್ಟು ತೆಳ್ಳಗೆ ಚೀಸು ಕೊಯ್ದು ಹಾಕಿದ್ರೆ ನಮ್ಮನೆ ನಾಯಿನೂ ಮೂಸಲ್ಲ,” ಎಂದ ಕೆಳಗಿನ ಊರಿನ ಫೌಸ್ತೊ ಮಾವ, ಗೋಡೆಯತ್ತ ಬೆರಳು ತೋರಿಸಿ. ಸಭೆಯಲ್ಲಿ ಕೂತವರೆಲ್ಲ ನಕ್ಕರು.

ಯಾದಿರಾ ನಗಲಿಲ್ಲ. ಗೋಡೆಯ ಮೇಲಿದ್ದ ಪೈ ಚಾರ್ಟ್ ಅವಳೇ ಬರೆದದ್ದು. ಚೀಸು ಸಂಘದ ವರ್ಷದ ಸಭೆಗೆ ಯಾವ ಊರಿನಿಂದ ಎಷ್ಟು ಹಾಲು ಬಂತೆಂದು ತೋರಿಸುವ ಚಾರ್ಟ್ ಬರೆಯುವುದು ಶಾಲೆಯ ಮಕ್ಕಳ ಕೆಲಸ. ದುಂಡಗೆ ಚೀಸಿನ ಹಾಗೇ ಇದ್ದರೆ ಎಲ್ಲರಿಗೂ ಖುಷಿಯಾಗುತ್ತದೆ ಅಂದುಕೊಂಡಿದ್ದಳು. ಕೆಳಗಿನ ಊರಿಗೆ ಹಳದಿ ಬಣ್ಣ. ಗುಡ್ಡದ ಮೇಲಿನ ತನ್ನ ಯಾನಲೋಮಾಕ್ಕೆ ನೀಲಿ. ಆ ನೀಲಿ ಚಾಕುವಿನ ಅಲಗಿನಷ್ಟೇ ಬಂದಿತ್ತು.

“ಇಷ್ಟು ಹಾಲಿಗೋಸ್ಕರ ದಿನಾ ಹೇಸರಗತ್ತೆ ಗುಡ್ಡ ಹತ್ತಬೇಕಾ?” ಎಂದರು ಅಧ್ಯಕ್ಷ ದೋನ್ ಎಲಿಸೆಯೊ. “ನಿಲ್ಲಿಸಿಬಿಡೋಣ. ಒಪ್ಪಿದೋರು ಕೈ ಎತ್ತಿ.”

ಒಂದೊಂದೇ ಕೈ ಮೇಲೇಳತೊಡಗಿತು. ಅಮ್ಮ ಟೋಪಿಯನ್ನು ಮಡಿಲಲ್ಲಿಟ್ಟುಕೊಂಡು ಅದರ ಅಂಚನ್ನು ತಿರುವುತ್ತಲೇ ಇದ್ದಳು. ಹೇಸರಗತ್ತೆ ಬಾರದಿದ್ದರೆ ಯಾನಲೋಮಾದ ಹಾಲು ಕೆಳಗಿಳಿಯುವುದಿಲ್ಲ. ಮತ್ತೆ ಹಸು ಇಟ್ಟುಕೊಂಡು ಏನು ಮಾಡುವುದು?

ಯಾದಿರಾ ಮತ್ತೆ ಚಾರ್ಟಿನತ್ತ ನೋಡಿದಳು. ಎಲ್ಲ ತಿಂಗಳ ಹಾಲನ್ನೂ ಕೂಡಿಸಿ ಆ ವೃತ್ತ ಮಾಡಿದ್ದಳು. ಕೂಡಿಸುವ ಮೊದಲು, ತಿಂಗಳು ತಿಂಗಳ ಲೆಕ್ಕದಲ್ಲಿ, ಅದು ಹೀಗಿರಲಿಲ್ಲವಲ್ಲ.

ಅವಳು ಎದ್ದು ನಿಂತಳು. “ದೋನ್ ಎಲಿಸೆಯೊ, ಸ್ವಲ್ಪ ತಾಳಿ. ಇನ್ನೊಂದು ಥರ ಬರೀತೀನಿ.”

“ಲೆಕ್ಕ ತಪ್ಪಾಗಿದೆಯಾ ಮಗು?”

“ಲೆಕ್ಕ ಸರಿ ಇದೆ. ಚಾರ್ಟು...” ಅವಳು ಆಗಲೇ ಗೋಡೆಯ ಕಡೆ ನಡೆದಿದ್ದಳು.

“ಬರೀಲಿ ಬಿಡಿ,” ಎಂದ ಫೌಸ್ತೊ ಮಾವ. “ಈ ಸಲ ದಪ್ಪ ತುಂಡು ಕೊಯ್ತಾಳೆ.”

ಯಾದಿರಾ ಹಾಳೆಯನ್ನು ಕಿತ್ತು ಹಿಂಬದಿಗೆ ತಿರುಗಿಸಿದಳು. ಹಾಲಿನ ಲೆಕ್ಕದ ಪುಸ್ತಕ ತೆರೆದಿಟ್ಟು ಕೆಳಗೆ ಸಾಲಾಗಿ ತಿಂಗಳ ಹೆಸರು ಬರೆದಳು. ಅವಸರಕ್ಕೆ ಜನವರಿ ಸೊಟ್ಟಗಾಯಿತು. ಹಳದಿ ಗೆರೆ ಎತ್ತರದಲ್ಲೇ ಹೊರಟಿತು. ಆಗಸ್ಟಿಗೆ ಬಂದಾಗ ಇಳಿಜಾರಿನಲ್ಲಿ ಕಾಲು ಜಾರಿದ ಹಾಗೆ ಕೆಳಗೆ ಬಿತ್ತು. ನೀಲಿ ಗೆರೆ ಮಾತ್ರ ಜನವರಿಯಲ್ಲಿ ಹೇಗಿತ್ತೋ ಆಗಸ್ಟಿನಲ್ಲೂ ಹಾಗೇ ಇತ್ತು. ಅಲ್ಲಿ ಎರಡೂ ಗೆರೆ ಹೆಗಲಿಗೆ ಹೆಗಲು ತಾಗಿಸಿ ನಿಂತವು.

ಹಿಂದೆ ಕೂತವರು ಕತ್ತು ಚಾಚಿ ನೋಡಿದರು.

“ಆಗಸ್ಟಿನ ಒಣ ಗಾಳಿಗೆ ನಮ್ಮ ಹುಲ್ಲೆಲ್ಲ ಒಣಗಿಹೋಗಿತ್ತಲ್ಲ,” ಎಂದ ಫೌಸ್ತೊ ಮಾವ, ತನಗೆ ತಾನೇ ಹೇಳಿಕೊಂಡಂತೆ.

“ಮೇಲೆ ಮಂಜು ಬೀಳತ್ತೆ. ನಮ್ಮ ಹುಲ್ಲು ಒಣಗಲ್ಲ,” ಎಂದಳು ಅಮ್ಮ. ಸಭೆಯಲ್ಲಿ ಅವಳು ಆಡಿದ ಮೊದಲ ಮಾತು ಅದು.

ದೋನ್ ಎಲಿಸೆಯೊ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. “ಈ ಹಾಲು ಇಲ್ದೇ ಇದ್ರೆ ಆ ತಿಂಗಳು ಚೀಸಿನ ಹಂಡೆ ಒಲೆ ಮೇಲೇರ್ತಾ ಇರ್ಲಿಲ್ಲ. ಎತ್ತಿದ ಕೈ ವಾಪಸ್ ತಗೊಳ್ರಪ್ಪಾ.” ಆಮೇಲೆ ಹೇಸರಗತ್ತೆ ಹೊಡೆಯುವವನ ಕಡೆ ತಿರುಗಿದರು. “ಅದಕ್ಕೆ ಹೊಸ ಲಾಳ ಹೊಡೆಸು.”

ಸಭೆ ಮುಗಿದ ಮೇಲೆ ಯಾದಿರಾ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಗೆರೆಗಳ ಹಿಂದೆ ಆ ದುಂಡನೆಯ ಚೀಸೂ ಮಸುಕಾಗಿ ಕಂಡಿತು. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಆಗಸ್ಟ್ ತಿಂಗಳಿಗೆ ಜಾಗ ಇರಲಿಲ್ಲ, ಅಷ್ಟೇ.

ಗೆರೆಗಳು ಹೊರಗೆ ಕಾಣುವ ಹಾಗೆ ಹಾಳೆ ಸುತ್ತಿಕೊಂಡು ಅವಳು ಅಮ್ಮನ ಹಿಂದೆ ಗುಡ್ಡ ಹತ್ತತೊಡಗಿದಳು.